ಕಾಲಿನ ಸರದಿ ಶನಿವಾರವಂತೆ!

ನಮ್ಮಕ್ಕನ ಮಗ ಮೈಸೂರಿಂದ ಬಂದೋನು ನಮ್ಮನೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ ಹೋದ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು, ಶುಕ್ರವಾರ ಹೊಟ್ಟೆ, ಶನಿವಾರ ಕಾಲು. "ಜಿಮ್ಮಲ್ಲಿ ಎಲ್ರೂ ಮಾಡೋದು ಇಂಗೇಯ ಚಿಕ್ಕಮ್ಮ, ದಿನಕ್ಕೊಂದು ಭಾಗ" ಅಂದ. ಗುಡ್ಡೆ ಬಾಡು ಪಾಲು ಹಾಕ್ದಂಗೆ ನನ್ನ ಮೈಯನ್ನೇ ಪಾಲು ಹಾಕವ್ನಲ್ಲ ಅಂತ ನಗು ಬಂತು. ಆದರೂ ಓದಿದ ಹುಡುಗ, ತಿಳಕಂಡೇ ಹೇಳಿರ್ತಾನೆ ಅಂತ ಶುರು ಮಾಡ್ದೆ.

ಏಳು ವಾರ ಆದ್ಮೇಲೆ ಕ್ಯಾಲೆಂಡರ್ ನೋಡ್ತೀನಿ, ಏಳು ಶನಿವಾರದಲ್ಲಿ ಕಾಲಿಗೆ ಸಿಕ್ಕಿದ್ದು ಎರಡೇ! ಒಂದು ಶನಿವಾರ ಮುತ್ತತ್ತಿಗೆ ಹೋಗಿದ್ದೋ. ಒಂದು ಶನಿವಾರ ನಾಟಿ ಆಳುಗಳಿಗೆ ಅಡುಗೆ. ಒಂದ್ಸಲ ನೆಂಟ್ರು, ಒಂದ್ಸಲ ಹೊಟ್ಟೆನೋವು, ಇನ್ನೊಂದ್ಸಲ ಬರೀ ಸುಸ್ತು. ತೋಳು ಮಾತ್ರ ಚೆನ್ನಾಗಿ ಗಟ್ಟಿಯಾಗದೆ. ಅದನ್ನ ಇಟ್ಕಂಡು ನಾನೇನು ಗರಡಿ ಮನೆಗೆ ಹೋಗ್ಲಾ?

ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಯಾಕೆ ಅಂತ ನಿಮಗೆಲ್ಲ ಗೊತ್ತು. ಹೋದ ವರ್ಷ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಕಂಡು ಮೂರು ತಿಂಗಳು ಮಲಗಿದ್ರು. ಎತ್ತಿ ಕೂರಿಸಿದೋಳು ನಾನೇ. ಅದೇ ವರ್ಷ ಮದುವೆ ಮನೇಲಿ ನೆಲದ ಪಂಕ್ತಿಲಿ ಉಂಡು ಏಳೋವಾಗ, ಪಕ್ಕದೋಳ ಹೆಗಲು ಹಿಡೀದೆ ನನ್ ಕೈಲಿ ಏಳಕ್ಕಾಗಲಿಲ್ಲ. ವಯಸ್ಸು ನಲವತ್ತೊಂಬತ್ತು. ಜಾರಿದಾಗ ಒಂದು ಹೆಜ್ಜೆ ಊರಿ ಮೈಯನ್ನ ತಡೆಯೋದು ತೊಡೆ, ಪಿರ್ರೆ. ಅದನ್ನೇ ಈ ಚೀಟಿ ವಾರದ ಕೊನೇಗೆ ತಳ್ಳಿ ಕೂರಿಸದೆ.

ವಿಸಿ ನಾಲೆ ಕೊನೇ ಭಾಗದೋರಾದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಕಟ್ಟು ಪದ್ಧತೀಲಿ ನೀರು ಬಿಡ್ತರೆ. ಮೇಲಿನೋರ ಗದ್ದೆ ತುಂಬಿ ಹರೀತದೆ. ನಮ್ಮ ಸರದಿ ಬರೋ ಹೊತ್ಗೆ ನಾಲೇಲಿ ಕೆಸರು. ಒಂದು ಸರದಿ ತಪ್ಪಿದ್ರೆ ಮುಂದಿನ ಕಟ್ಟಿನವರೆಗೂ ಪೈರು ಒಣಗ್ತದೆ. ಚೀಟೀಲಿ ಕಾಲು ಅನ್ನೋದು ಆ ಕೊನೇ ಗದ್ದೆ ಕಣ್ರವ್ವ.

ಪಾಲು ಹಾಕೋ ಪದ್ಧತಿ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಮೈ ಕಟ್ಟಿ ವೇದಿಕೆ ಹತ್ತೋ ಹುಡುಗರು ಒಂದೇ ದಿನ ಎದೆಗೊಂದಕ್ಕೇ ಹದಿನೈದಿಪ್ಪತ್ತು ಸುತ್ತು ಮಾಡ್ತರೆ. ಆ ಭಾಗ ಸುಧಾರಿಸ್ಕಳಕ್ಕೆ ದಿನ ಬೇಕು, ಅದಕ್ಕೆ ಅವರಿಗೆ ಸರದಿ. ನಾವು ಮಾಡೋದು ಎರಡು ಮೂರು ಸುತ್ತು. ಭಾರ ಎತ್ತಿದ ಮೇಲೆ ಮಾಂಸಖಂಡ ತನ್ನನ್ನ ಕಟ್ಕಳೋ ಕೆಲಸ ಜೋರಾಗಿರೋದು ಹೆಚ್ಚುಕಮ್ಮಿ ಎರಡು ದಿನ. ಉಳಿದ ಐದು ದಿನ ಅದನ್ನ ಸುಮ್ಕೆ ಕೂರಿಸೋದು ಯಾವ ಲೆಕ್ಕ? ಇಡೀ ವಾರದ ಕೆಲಸ ಸಮವಾಗಿದ್ರೆ ಹೆಂಗೆ ಹಂಚಿದ್ರೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಅಧ್ಯಯನ ಮಾಡಿದೋರೂ ಹೇಳವ್ರೆ. ಅಂದ್ರೆ ಒಂದು ದಿನವೂ ತಪ್ಪಿಸದೋರಿಗೆ ಪಾಲೂ ಸರಿ. ನಮ್ಮಲ್ಲಿ ಅಂಥೋಳು ಯಾರವ್ಳೆ, ಕೈ ಎತ್ತಿ ನೋಡನ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ: ದೊಡ್ಡೋರು ವಾರಕ್ಕೆ ಎರಡು ದಿನವಾದ್ರೂ ಮೈಯ ಎಲ್ಲಾ ಮುಖ್ಯ ಮಾಂಸಖಂಡಗಳಿಗೂ ಕೆಲಸ ಕೊಡಬೇಕು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರ ಮೇಲೆ ಒಂದು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ರು. ಭಾರ ಎತ್ತಿದ ಗುಂಪಿನೋರು ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತಿಳಿದೋರ ಕಣ್ಗಾವಲಲ್ಲಿ ಮಾಡಿದ್ರು. ಪ್ರತಿ ಸಲವೂ ಕಾಲು, ಬೆನ್ನು, ಭುಜ ಎಲ್ಲ. ಅವರ ಬೆನ್ನಿನ ಮೂಳೆ ಗಟ್ಟಿಯಾಯ್ತು, ಮಾಡದೋರದ್ದು ಇನ್ನಷ್ಟು ಸವೀತು.

ನನ್ನ ಈಗಿನ ಲೆಕ್ಕ ಕೇಳಿ. ಸೋಮವಾರ, ಗುರುವಾರ. ಆದ್ರೆ ಶನಿವಾರ, ಇಲ್ದಿದ್ರೆ ಬುಡಿ. ಪ್ರತಿ ಸಲ ಐದೂ ಕೆಲಸ:

ಒಂದು, ನೀರಿನ ಕ್ಯಾನು ಎದೆಗವಚ್ಕಂಡು ಕುರ್ಚಿಯಿಂದ ಎದ್ದು ಕೂರೋದು. ಇದೇ ಮೊದಲು, ಯಾಕಂದ್ರೆ ಕೊನೇ ಗದ್ದೆಗೆ ನೀರು ಮೊದಲು ಹೋಗ್ಬೇಕು. ಎರಡು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ನೆಲದ ಭಾರ ಎತ್ತೋದು. ಮೂರು, ಅಡುಗೆಕಟ್ಟೆಗೆ ಕೈ ಊರಿ ಮೈ ತಳ್ಳೋದು. ನಾಲ್ಕು, ಬಾಗಿ ನಿಂತು ಡಂಬೆಲ್ಲನ್ನ ಪಕ್ಕೆಗೆ ಎಳ್ಕಳೋದು. ಐದು, ಎರಡು ಕೈಲೂ ತುಂಬಿದ ಬಿಂದಿಗೆ ಹಿಡಿದು ಅಂಗಳ ಸುತ್ತೋದು.

ಮೊದಲ ನಾಲ್ಕು ಎಂಟರಿಂದ ಹನ್ನೆರಡು ಸಲ, ಒಟ್ಟು ಎರಡು ಸುತ್ತು. ಕೊನೇ ಎರಡು ಸಲ ಕಷ್ಟ ಅನ್ನಿಸ್ಬೇಕು, ಅನ್ನಿಸದಿದ್ರೆ ಕ್ಯಾನಿಗೆ ಇನ್ನರ್ಧ ಲೀಟರ್ ನೀರು ಹುಯ್ಯಿರಿ. ಒಂದು ಲೀಟರ್ ಅಂದ್ರೆ ಒಂದು ಕೇಜಿ, ತಕ್ಕಡಿ ಬೇಡ. ಉಸಿರು ಕಟ್ಬೇಡಿ. ಬೀಪಿ ಇರೋರು, ಮಂಡಿ ನೋವಿರೋರು, ಗರ್ಭಕೋಶ ಜಾರಿರೋರು, ಮೂಳೆ ಸವೆದಿರೋರು ಡಾಕ್ಟರನ್ನ ಕೇಳಿ ಶುರು ಮಾಡಿ. ಒಂದು ದಿನ ತಪ್ಪಿದ್ರೂ ಮೈಯ ಯಾವ ಭಾಗವೂ ಪೂರಾ ಒಣಗಲ್ಲ. ಇದೇ ಇದರ ಗುಣ.

"ಮನೆ ಕೆಲಸ, ಹೊಲದ ಕೆಲಸ ಸಾಲ್ದಾ?" ಅಂತ ಎದುರು ಮನೆ ಅಕ್ಕ ಕೇಳಿದ್ಲು. ಸಾಲಲ್ಲ ಕಣಕ್ಕ. ಸೇದೋ ಬಾವಿ ಹೋಯ್ತು, ರುಬ್ಬೋ ಗುಂಡು ಹೋಯ್ತು, ಬೀಸೋ ಕಲ್ಲು ಮೂಲೆ ಸೇರ್ತು. ಉಳಿದಿದ್ದು ಬಾಗೋದು, ನಿಲ್ಲೋದು. ದಣಿವು ಬತ್ತದೆ, ಬಲ ಬರಲ್ಲ. ಭಾರ ಹೆಚ್ತಾ ಹೋದ್ರೆ ತಾನೆ ಬಲ? "ಈ ವಯಸ್ಸಲ್ಲಾ?" ಅನ್ನೋರಿಗೆ ಒಂದು ಮಾತು. 1990ರಲ್ಲಿ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿಗೆ ಭಾರ ಎತ್ತಿಸಿದ್ರು. ಪೂರೈಸಿದೋರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಏರ್ತು. ನಾವಿನ್ನೂ ಹುಡುಗೀರು!

ಚೀಟಿ ಕಿತ್ತು ಅದರ ಹಿಂದೇನೇ ನನ್ನ ಐದು ಕೆಲಸ ಬರೆದು ಅಂಟಿಸಿದೀನಿ. ಹುಡುಗ ಮುನಿಸ್ಕಂಡವ್ನೆ, ಮುನಿಸ್ಕಳ್ಳಿ. ಹೋದ ವಾರ ನೆಲದಲ್ಲಿ ಕುಂತು ಅವರೆಕಾಯಿ ಸುಲಿದು, ಕೈ ಊರದೆ ಎದ್ದೆ. ನೋಡಿದ ನಮ್ಮತ್ತೆ ಗೋಡೆ ಹಿಡ್ಕಂಡು ಬಂದು, "ನಂಗೂ ಆ ಕುರ್ಚಿ ಹಾಕು" ಅಂದ್ರು. ಡಾಕ್ಟರು ಹೂಂ ಅಂದವ್ರೆ. ಈಗ ದಿನಾ ನಾನು ಹಿಡಕಂಡು ಐದು ಸಲ ಎಬ್ಬಿಸ್ತೀನಿ.

ಸೋಮವಾರ ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ನಮ್ಮ ಜಗಲಿಗೆ ಬನ್ನಿ. ಕ್ಯಾನು ನೀವೇ ತರಬೇಕು, ನೀರು ನಮ್ಮನೇದು.