ತಿದ್ದುವ ಬದಲು ರದ್ದು

ಕಡಿಮೆ ಇಂಧನ ಬಳಸುವ ವಾಣಿಜ್ಯ ಕಟ್ಟಡಗಳಿಗೆ ಅಮೇರಿಕವು 2005ರಲ್ಲಿ ತೆರಿಗೆ ರಿಯಾಯಿತಿ ಜಾರಿಗೊಳಿಸಿತು. ಆ ಕಾನೂನಿಗೆ ಸಹಿ ಹಾಕಿದವರು ಅಧ್ಯಕ್ಷ ಜಾರ್ಜ್ ಬುಷ್. 2020ರ ಡಿಸೆಂಬರ್‌ನಲ್ಲಿ ಅದನ್ನು ಖಾಯಂಗೊಳಿಸಿದವರು ಡೊನಾಲ್ಡ್ ಟ್ರಂಪ್. 2025ರ ಜುಲೈ 4ರಂದು ಅದನ್ನು ಕೊನೆಗಾಣಿಸುವ ಕಾನೂನಿಗೆ ಸಹಿ ಹಾಕಿದವರೂ ಅವರೇ! ಅದರಂತೆ, 2026ರ ಜೂನ್ 30ರ ಬಳಿಕ ನಿರ್ಮಾಣ ಆರಂಭವಾಗುವ ಕಟ್ಟಡಗಳಿಗೆ ಈ ರಿಯಾಯಿತಿ ಇಲ್ಲ.

ಇದು ಧನಿಕರಿಗಿತ್ತ ಉಡುಗೊರೆ ಎಂಬ ಟೀಕೆಯನ್ನು ನಾವು ಪೂರ್ಣವಾಗಿ ತಳ್ಳಿಹಾಕಲಾರೆವು. ತೆರಿಗೆ ಕಟ್ಟುವಷ್ಟು ಲಾಭವಿಲ್ಲದವರಿಗೆ ತೆರಿಗೆ ರಿಯಾಯಿತಿಯಿಂದೇನು ಫಲ? ಆದರೆ 2022ರ ತಿದ್ದುಪಡಿಯು ಅದಕ್ಕೆ ನ್ಯಾಯದ ಕೊಂಡಿಯೊಂದನ್ನು ಜೋಡಿಸಿತ್ತು. ಇಂಧನ ಬಳಕೆಯನ್ನು ಅರ್ಧಕ್ಕಿಳಿಸಿದ ಮಾಲಕರು 2023ರಿಂದ ಚದರ ಅಡಿಗೆ 5 ಡಾಲರ್‌ವರೆಗೆ ತೆರಿಗೆಗೊಳಪಡುವ ಆದಾಯದಿಂದ ಕಳೆಯಬಹುದಿತ್ತು. ಆದರೆ ಕಾರ್ಮಿಕರಿಗೆ ಆ ಪ್ರದೇಶದ ನಿಗದಿತ ಕೂಲಿ ನೀಡದಿದ್ದರೆ ಸಾಮಾನ್ಯವಾಗಿ ದಕ್ಕುತ್ತಿದ್ದುದು ಅದರ ಐದನೇ ಒಂದಂಶ ಮಾತ್ರ.

ಆಡಳಿತದ ಅವಧಿ ನಾಲ್ಕು ವರ್ಷ. ಕಟ್ಟಡದ ಆಯುಷ್ಯ ಹಲವು ದಶಕ. ಅಗ್ಗಕ್ಕೆ ಕಟ್ಟಿ ಮುಗಿಸಿದ ಮಳಿಗೆಯ ವಿದ್ಯುತ್ ಬಿಲ್ಲನ್ನು ತೆರುವವನು ಹೆಚ್ಚಾಗಿ ಮಾಲಕನಲ್ಲ, ಬಾಡಿಗೆಯ ಅಂಗಡಿಕಾರ. ಲೋಪವಿದ್ದರೆ ತಿದ್ದಬೇಕಿತ್ತು. ಕಾರ್ಮಿಕನ ಕೂಲಿಯನ್ನೂ ಅಂಗಡಿಕಾರನ ಉಳಿತಾಯವನ್ನೂ ಜೊತೆಗೇ ಕಾಯುತ್ತಿದ್ದ ನಿಯಮವನ್ನು ಕೈಬಿಟ್ಟದ್ದು ದೂರದೃಷ್ಟಿಯಲ್ಲ ಎಂದೇ ನಾವು ಭಾವಿಸುತ್ತೇವೆ.