ಬಿಟ್ಟ ಮೀನಿನ ಲೆಕ್ಕ

ವಸಂತವು ಬಂದಿತೆಂಬುದನ್ನು ಒಂದೊಂದು ನಾಡು ಒಂದೊಂದು ಗುರುತಿನಿಂದ ಅರಿಯುತ್ತದೆ. ನಮಗೆ ಮಾವಿನ ಚಿಗುರು, ಹೊಂಗೆಯ ಹೂ, ಬೇವು-ಬೆಲ್ಲ. ಅಮೆರಿಕಾದ ಈಶಾನ್ಯ ಕರಾವಳಿಯಲ್ಲಿ, ನ್ಯೂಜೆರ್ಸಿಯಿಂದ ಮೆಸಚೂಸೆಟ್ಸಿನವರೆಗಿನ ಊರುಗಳಲ್ಲಿ, ಅಸಂಖ್ಯಾತ ಜನರಿಗೆ ವಸಂತವೆಂದರೆ ಒಂದು ಮೀನು. ಅದರ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿಯಂತಹ ಮೈಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳನ್ನು ಎಳೆದಂತಿರುವುದರಿಂದ ನಾವು ಅದನ್ನು ಪಟ್ಟೆಮೀನು ಎಂದು ಕರೆದರೆ ಬಾಧಕವಿಲ್ಲ. ಮೀನು ತಿನ್ನದ ಓದುಗರು ಪುಟ ಮಗುಚಬೇಕಾಗಿಲ್ಲ. ಇದು ತಿಂದ ಮೀನಿನ ಕಥೆಯಲ್ಲ, ಬಿಟ್ಟ ಮೀನಿನ ಕಥೆ.

ಪಟ್ಟೆಮೀನು ಬಾಳುವುದು ಉಪ್ಪುನೀರಿನಲ್ಲಿ, ಹುಟ್ಟುವುದು ಸಿಹಿನೀರಿನಲ್ಲಿ. ಚೆಸಪೀಕ್ ಕೊಲ್ಲಿಗೆ ಬಂದು ಸೇರುವ ನದಿಗಳು ಅದರ ಮುಖ್ಯ ತವರು; ಹಡ್ಸನ್ ಮತ್ತು ಡೆಲವೇರ್ ನದಿಗಳೂ ಉಂಟು. ವಸಂತದಲ್ಲಿ ತಾಯಿಮೀನು ನದಿಯನ್ನೇರಿ ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ. ಆ ಮೊಟ್ಟೆಗಳು ಒಡೆದು ಮರಿಯಾಗುವವರೆಗೆ, ಸುಮಾರು ಎರಡು ದಿನ, ಹರಿಯುವ ನೀರಿನಲ್ಲಿ ತೇಲುತ್ತಲೇ ಇರಬೇಕು. ತಳಕ್ಕಿಳಿದು ಹೂಳಿನಲ್ಲಿ ಸಿಕ್ಕಿದರೆ ಉಸಿರು ಕಟ್ಟಿ ಸಾಯುತ್ತವೆ. ಕೆಲವು ವರ್ಷ ನದಿಯಲ್ಲಿಯೂ ಕೊಲ್ಲಿಯಲ್ಲಿಯೂ ಬೆಳೆದ ಮೀನುಗಳು ಮುಂದೆ ಪ್ರತಿ ವಸಂತದಲ್ಲಿ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಯಾತ್ರೆ ಹೊರಡುತ್ತವೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಮರಳುತ್ತವೆ. ನ್ಯೂ ಇಂಗ್ಲೆಂಡಿನ ದಡಗಳಿಗೆ ಮೊದಲು ಬರುವುದು ಮೊಳದುದ್ದದ ಮರಿಗಳ ಹಿಂಡು. ಪ್ರಸವ ಮುಗಿಸಿದ ದೊಡ್ಡ ಹೆಣ್ಣುಗಳು ಅವುಗಳ ಹಿಂದೆ, ನಿಧಾನವಾಗಿ ಬರುತ್ತವೆ.

ಈ ಮೊದಲ ಹಿಂಡನ್ನು ಎದುರುಗೊಳ್ಳಲು ದೋಣಿ ಬೇಡ, ಸಂಪತ್ತು ಬೇಡ. ಒಂದು ಗಾಳದ ಕೋಲು, ಮೊಣಕಾಲು ಮೀರಿದ ರಬ್ಬರು ಬೂಟು, ಚಳಿ ತಡೆಯುವ ಕೋಟು, ಇವಿಷ್ಟು ಸಾಕು. ಆದರೆ ನೀರಿನ ಮರ್ಮ ತಿಳಿದಿರಬೇಕು. ತೆರೆದ ಕಡಲು ಇನ್ನೂ ಹಿಮದಂತೆ ಕೊರೆಯುತ್ತಿರುವಾಗ ಅನುಭವಸ್ಥನು ಅಲ್ಲಿಗೆ ಹೋಗುವುದಿಲ್ಲ. ಅಳಿವೆಯ ಒಳಗಿನ ಆಳವಿಲ್ಲದ ಹಿನ್ನೀರನ್ನು ಹುಡುಕುತ್ತಾನೆ. ಅಲ್ಲಿಯ ಕಪ್ಪು ಕೆಸರು ಹಗಲೆಲ್ಲ ಬಿಸಿಲನ್ನು ಹೀರಿ ನೀರನ್ನು ಬೆಚ್ಚಗಾಗಿಸುತ್ತದೆ. ಸಂಜೆಯ ಇಳಿತದಲ್ಲಿ ಆ ಬೆಚ್ಚನೆಯ ನೀರು ಕಾಲುವೆಯ ಬಾಯಿಗೆ ಹರಿದು ಬರುವಾಗ ಮೀನೂ ಅಲ್ಲಿಗೆ ಮೇವಿಗಾಗಿ ಬಂದು ನಿಲ್ಲುತ್ತದೆ. ನೀರು ಸೆಂಟಿಗ್ರೇಡಿನ 10 ಡಿಗ್ರಿಯನ್ನು ಮುಟ್ಟಿತೆಂದರೆ ಕಾಯುವವರ ಮುಖದಲ್ಲಿ ಕಳೆ ಬರುತ್ತದೆ. ಗಾಳಕ್ಕೆ ಕಡಲ ಹುಳುವನ್ನೋ ಚಿಪ್ಪಿನ ಮಾಂಸವನ್ನೋ ಚುಚ್ಚಿ ತಳಕ್ಕೆ ಬಿಡುತ್ತಾರೆ.

ಸಿಕ್ಕಿದ ಮೊದಲ ಮೀನಿನ ಮೈಯನ್ನು ಅವರು ಭಕ್ತಿಯಿಂದ ಪರೀಕ್ಷಿಸುವುದುಂಟು. ಚಳಿಗಾಲವನ್ನೆಲ್ಲ ನದಿಯಲ್ಲಿಯೇ ಕಳೆದ ಮೀನುಗಳೂ ಅಲ್ಲಿರುತ್ತವೆ. ಮೈಮೇಲೆ ಕಡಲ ಹೇನು ಅಂಟಿಕೊಂಡಿದ್ದರೆ ಮಾತ್ರ ಅದು ಕಡಲಿನಿಂದ ಈಗತಾನೆ ಬಂದ ಅತಿಥಿ. ಸಿಹಿನೀರಿನಲ್ಲಿ ಆ ಹೇನು ಬಹಳ ದಿನ ಉಳಿಯದು. ಹೇನನ್ನು ಕಂಡು ಮನುಷ್ಯನು ಸಂತೋಷಪಡುವ ಸಂದರ್ಭ ಲೋಕದಲ್ಲಿ ಇದೊಂದೇ ಇರಬೇಕು!

ದಡದ ಮೇಲೆ ನಿಂತವನಿಗೆ ಸಣ್ಣ ಮೀನಷ್ಟೇ ಗತಿಯೆಂದು ಭಾವಿಸಬೇಕಾಗಿಲ್ಲ. 1982ರಲ್ಲಿ ಅಟ್ಲಾಂಟಿಕ್ ಸಿಟಿಯ ಕಲ್ಲುಕಟ್ಟೆಯ ಮೇಲೆ ನಿಂತು ಒಬ್ಬರು ಹಿಡಿದ ಮೀನು 78½ ಪೌಂಡು ತೂಗಿತು. 2011ರವರೆಗೂ ಅದೇ ವಿಶ್ವದಾಖಲೆಯಾಗಿತ್ತು.

ಈ ಮೀನಿಗೂ ಆ ಜನಕ್ಕೂ ಇರುವ ನಂಟು ಹಳೆಯದು. ಪಟ್ಟೆಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಕೂಡದೆಂದು ಮೆಸಚೂಸೆಟ್ಸ್ ವಸಾಹತು 1639ರಲ್ಲಿಯೇ ವಿಧಿಸಿತು. 1670ರಲ್ಲಿ ಪ್ಲಿಮತ್ ವಸಾಹತು, ಕೇಪ್ ಕಾಡ್‌ನ ಬಾಸ್ ಮೊದಲಾದ ಮೀನುಗಾರಿಕೆಯ ಆದಾಯದಿಂದ ಒಂದು ಉಚಿತ ಶಾಲೆಯನ್ನು ನಡೆಸಬೇಕೆಂದು ಗೊತ್ತುಮಾಡಿತು. ಮಕ್ಕಳಿಗೆ ಅಕ್ಷರ ಕಲಿಸಿದ ಮೀನು ಇದು.

ಆದರೆ ಋಣವನ್ನು ಮರೆಯುವುದು ಮನುಷ್ಯನಿಗೆ ಹೊಸದಲ್ಲ. 1973ರಲ್ಲಿ ಮಾರಾಟಕ್ಕೆಂದು ಹಿಡಿದ ಪಟ್ಟೆಮೀನು ಸುಮಾರು 1 ಕೋಟಿ 50 ಲಕ್ಷ ಪೌಂಡು. ಹತ್ತೇ ವರ್ಷಗಳಲ್ಲಿ ಅದು ಕಾಲುಭಾಗಕ್ಕಿಂತಲೂ ಕೆಳಗಿಳಿಯಿತು. 1984ರಲ್ಲಿ ಅಮೆರಿಕಾದ ಸಂಸತ್ತು ಈ ಮೀನಿನ ರಕ್ಷಣೆಗಾಗಿಯೇ ಕಾನೂನು ಮಾಡಿತು. 1985ರಿಂದ ಐದು ವರ್ಷ ಮೇರಿಲೆಂಡ್ ಪ್ರಾಂತ್ಯವು ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ತಾಳ್ಮೆಗೆ ಫಲ ದೊರೆಯಿತು. 1995ರಲ್ಲಿ ಸಂತತಿ ಚೇತರಿಸಿಕೊಂಡಿತೆಂದು ಸಾರಲಾಯಿತು. ಇಲ್ಲಿಗೆ ಮುಗಿದಿದ್ದರೆ ಇದೊಂದು ನೀತಿಕಥೆಯಾಗುತ್ತಿತ್ತು.

ಆ ಮೇಲಿನ ಅಧ್ಯಾಯದಲ್ಲಿ ಖಳನಾಯಕನಿಲ್ಲ, ಸಜ್ಜನರೇ ತುಂಬಿದ್ದಾರೆ. ಹವ್ಯಾಸಕ್ಕಾಗಿ ಗಾಳ ಹಾಕುವವರು ತಾವು ಹಿಡಿದ ಪಟ್ಟೆಮೀನುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತನ್ನು ಮತ್ತೆ ನೀರಿಗೆ ಬಿಡುತ್ತಾರೆ. ಹಿಡಿದ ಸಂತೋಷವೂ ಆಯಿತು, ಬಿಟ್ಟ ಪುಣ್ಯವೂ ಬಂದಿತು! ಆದರೆ ಹಾಗೆ ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಗಾಯದಿಂದಲೋ ಆಯಾಸದಿಂದಲೋ ಬಳಿಕ ಸಾಯುತ್ತವೆಂಬುದು ವಿಜ್ಞಾನಿಗಳು ಬಳಸುವ ಲೆಕ್ಕ. ಒಂಬತ್ತೆಂದರೆ ಅಲ್ಪವೆನ್ನಿಸಬಹುದು. ಹಿಂಡು ಬಂದ ಸಂಜೆ ಒಬ್ಬನೇ ಮೂವತ್ತು ಮರಿಗಳನ್ನು ಹಿಡಿದು ಬಿಡುವುದುಂಟು. ಅಂತಹವರು ಲಕ್ಷಾಂತರ ಮಂದಿ. 2019ರಲ್ಲಿ ಪ್ರಕಟವಾದ ಪರಿಶೀಲನೆಯು ಸಂತತಿ ಮತ್ತೆ ಅಪಾಯದ ಗೆರೆಗಿಂತ ಕೆಳಗಿದೆಯೆಂದು ತಿಳಿಸಿತು. 2017ರಲ್ಲಿ ಮನುಷ್ಯನಿಂದ ಸತ್ತ ಪಟ್ಟೆಮೀನುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಹೀಗೆ ದಯೆಯಿಂದ ಬಿಟ್ಟ ಮೀನುಗಳೇ ಎಂಬುದೂ ಅದರಿಂದ ತಿಳಿದುಬಂದಿತು.

ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಬೇಸಗೆಯ ಬಿಸಿನೀರಿಗಿಂತ ವಸಂತದ ತಣ್ಣೀರಿನಲ್ಲಿ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು. ಕೈಯನ್ನು ಒದ್ದೆಮಾಡಿಕೊಂಡು ಹಿಡಿಯುವುದು, ಮರಳಿನ ಮೇಲೆ ಎಳೆಯದಿರುವುದು, ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡುವುದು, ಛಾಯಾಚಿತ್ರದ ಆಸೆಗೆ ಮೀನನ್ನು ಗಾಳಿಯಲ್ಲಿ ಬಹಳ ಹೊತ್ತು ಎತ್ತಿ ಹಿಡಿಯದಿರುವುದು, ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಜೀವಂತ ಎರೆಯಾಗಲಿ ಮಾಂಸದ ತುಣುಕಾಗಲಿ ಬಳಸುವವರು ಹೊಟ್ಟೆಗಿಳಿಯದೆ ದವಡೆಯ ಮೂಲೆಗೇ ಸಿಕ್ಕುವ ದುಂಡು ಗಾಳವನ್ನು ಉಪಯೋಗಿಸಬೇಕೆಂದು 2021ರಿಂದ ನಿಯಮವಾಗಿದೆ. 2024ರ ನಿಯಮದಂತೆ ಕಡಲ ದಡದಲ್ಲಿ ಒಬ್ಬನು ದಿನಕ್ಕೆ ಒಂದೇ ಮೀನನ್ನು, ಅದೂ 28ರಿಂದ 31 ಅಂಗುಲದೊಳಗಿನದನ್ನು ಮಾತ್ರ, ಮನೆಗೆ ಒಯ್ಯಬಹುದಾಯಿತು.

ಆದರೂ ಲೆಕ್ಕ ಸರಿಹೋಗಿಲ್ಲ. ಮೇರಿಲೆಂಡಿನಲ್ಲಿ 1954ರಿಂದಲೂ ಪ್ರತಿವರ್ಷ ನದಿಗಳಲ್ಲಿ ಬಲೆ ಎಳೆದು ಹೊಸ ಮರಿಗಳನ್ನು ಎಣಿಸುತ್ತಾರೆ. 2019ರಿಂದ 2024ರವರೆಗೆ ಎಲ್ಲ ವರ್ಷಗಳಲ್ಲಿಯೂ ಆ ಸಂಖ್ಯೆ ಸರಾಸರಿಗಿಂತ ಬಹಳ ಕೆಳಗಿತ್ತು. ವಸಂತದ ಮೊದಲ ಹಿಂಡಾಗಿ ದಡಕ್ಕೆ ಬರಬೇಕಾದವು ಆ ವರ್ಷಗಳ ಮರಿಗಳೇ. ತವರಿನಲ್ಲಿ ತೊಟ್ಟಿಲು ಬರಿದಾಗುತ್ತಿರುವಾಗ ಅಳಿವೆಯಲ್ಲಿ ಸಿಕ್ಕುವ ಪ್ರತಿಯೊಂದು ಮರಿಗೂ ಬೆಲೆ ಹೆಚ್ಚು.

ಕಾನೂನಿನ ಕೈಯಲ್ಲಿ ಅಳತೆಗೋಲುಂಟು. ಮನೆಗೊಯ್ದ ಮೀನನ್ನು ಅದು ಅಳೆಯಬಲ್ಲದು. ಕತ್ತಲಾಗುತ್ತಿರುವ ದಡದ ಮೇಲೆ ಒಬ್ಬನು ಎಷ್ಟನ್ನು ಹಿಡಿದನು, ಎಷ್ಟನ್ನು ಬಿಟ್ಟನು, ಬಿಟ್ಟದ್ದು ಬದುಕಿತೇ ಎಂಬುದನ್ನು ಅಳೆಯುವವರಿಲ್ಲ. ಆದುದರಿಂದಲೇ ಅಲ್ಲಿಯ ವಿವೇಕಿಗಳು ಈಚೆಗೆ ಮತ್ತೊಂದು ಸಂಯಮವನ್ನು ಕುರಿತು ಹೇಳತೊಡಗಿದ್ದಾರೆ: ಮೂರೋ ನಾಲ್ಕೋ ಮೀನು ಸಿಕ್ಕಿದ ಮೇಲೆ, ಹಿಂಡು ಇನ್ನೂ ಮುಂದೆಯೇ ಆಡುತ್ತಿದ್ದರೂ, ದಾರವನ್ನು ಸುತ್ತಿಬಿಡುವುದು. ಹಿಡಿದದ್ದನ್ನು ಬಿಡುವುದು ಸುಲಭ. ಹಿಡಿಯಬಹುದಾದದ್ದನ್ನು ಹಿಡಿಯದೆ ಬಿಡುವುದು ಕಷ್ಟ. ಪಟ್ಟೆಮೀನಿಗೆ ಈಗ ಬೇಕಾಗಿರುವುದು ಈ ಎರಡನೆಯ ಬಗೆಯ ದಯೆ.