ಕುಕ್ಕರಿನ ಗ್ಯಾಸ್ಕೆಟ್ಟೂ ಕಂಪ್ಯೂಟರಿನ ರ‍್ಯಾಮೂ

ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ನಾವೇನು ಮಾಡುತ್ತೇವೆ? ಹಳೆಯದನ್ನು ತೆಗೆದು, ತೊಳೆದು, ಚೀಲದಲ್ಲಿ ಸುತ್ತಿಕೊಂಡು ಪಾತ್ರೆ ಅಂಗಡಿಗೆ ಹೋಗುತ್ತೇವೆ. ಕುಕ್ಕರ್ ಯಾವ ಕಂಪನಿಯದು, ಮೂರು ಲೀಟರಿನದೋ ಐದು ಲೀಟರಿನದೋ, ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ ಎಲ್ಲ ಹೇಳುತ್ತೇವೆ. ಅಂಗಡಿಯವನು ಕೊಟ್ಟದ್ದನ್ನು ಹಳೆಯದರ ಮೇಲಿಟ್ಟು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ‘ಇದು ಬ್ಯಾಡ, ಬ್ಯಾರೆ ಕೊಡ್ರಿ’ ಅನ್ನುತ್ತೇವೆ. ಒಂದು ರಬ್ಬರ್ ಬಳೆಗೆ ಇಷ್ಟು ವಿಚಾರಣೆ. ಅದೇ ಸಾವಿರಾರು ರೂಪಾಯಿಯ ಕಂಪ್ಯೂಟರ್ ಬಿಡಿಭಾಗ ಕೊಳ್ಳುವಾಗ ಮಾತ್ರ ‘ನಿಮಗ ತಿಳಿದಂಗ ಹಾಕ್ರಿ’ ಎಂದು ಕೈಕಟ್ಟಿ ನಿಲ್ಲಬೇಕು ಎಂಬ ಕಟ್ಟಳೆಯನ್ನು ಯಾರು ಮಾಡಿದರು?

ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಕೇಳದೆ, ನೋಡದೆ, ಅದಕ್ಕೆ ಹೊಸ ಭಾಗ ಮಾರುವುದು ವ್ಯಾಪಾರವಲ್ಲ. ನಾಡಿ ಹಿಡಿಯದೆ ಔಷಧಿ ಬರೆಯುವ ವೈದ್ಯನನ್ನು ನಾವು ಎರಡನೆಯ ಸಲ ಹುಡುಕಿಕೊಂಡು ಹೋಗುವುದಿಲ್ಲ. ಕಂಪ್ಯೂಟರ್ ಅಂಗಡಿಗೆ ಮಾತ್ರ ಹೋಗುತ್ತಲೇ ಇರುತ್ತೇವೆ, ಏಕೆಂದರೆ ಅಲ್ಲಿ ಮಾತಾಡುವ ಭಾಷೆ ನಮ್ಮದಲ್ಲ ಎಂದು ನಮಗೆ ನಂಬಿಸಿದ್ದಾರೆ.

ಮಸ್ಕಿಯಲ್ಲಿ ನನಗೆ ಗೊತ್ತಿರುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ, ಕಾಲೇಜು ಹುಡುಗರ ಪ್ರಾಜೆಕ್ಟು ಟೈಪು ಮಾಡಿಕೊಡುತ್ತಾಳೆ. ನುಡಿಯಲ್ಲಿ ಅವಳ ಬೆರಳು ಓಡುವುದನ್ನು ನೋಡಬೇಕು. ಯಂತ್ರ ಮಾತ್ರ ಓಡುತ್ತಿರಲಿಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಒಳಗೆ ಐ3-3220 ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಬಿಟ್‌ನ ವಿಂಡೋಸ್ 7. ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ನೀರು ತುಂಬಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. 2024ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿಯ ಕಂತುಗಳನ್ನು ಖರ್ಚು ಮಾಡದೆ ಕೂಡಿಟ್ಟು ಅಂಗಡಿಗೆ ಹೋದಳು. ಸಿಂಧನೂರೋ, ಲಿಂಗಸೂಗೂರೋ, ಮಸ್ಕಿಯೋ, ಯಾವ ಊರಿನ ಅಂಗಡಿ ಎಂದು ನಾನು ಹೇಳುವುದಿಲ್ಲ. ಮೂರೂ ಊರವರು ತಮ್ಮದೇ ಎಂದುಕೊಂಡರೂ ನನಗೆ ಆಶ್ಚರ್ಯವಿಲ್ಲ.

‘ಅಕ್ಕಾರ, 8 ಜಿಬಿ ರ‍್ಯಾಮ್ ಹಾಕ್ಸ್ರಿ, ಕುದುರಿ ಓಡಿದಂಗ ಓಡ್ತದ’ ಎಂದನಂತೆ ಅಂಗಡಿಯವ. ಕಂಪ್ಯೂಟರ್ ಯಾವ ವರ್ಷದ್ದು ಎಂದು ಕೇಳಲಿಲ್ಲ. ಕೊಟ್ಟದ್ದು ಡಿಡಿಆರ್4. ಅವಳ ಬೋರ್ಡಿಗೆ ಬೇಕಿದ್ದದ್ದು ಡಿಡಿಆರ್3. ಒಂದಕ್ಕೆ 288 ಹಲ್ಲು, ಇನ್ನೊಂದಕ್ಕೆ 240, ನಡುವಿನ ಕಚ್ಚಿನ ಜಾಗವೇ ಬೇರೆ, ಒಂದು 1.2 ವೋಲ್ಟ್ ಕುಡಿಯುತ್ತದೆ, ಇನ್ನೊಂದು 1.5. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೇಗೋ ಏರೀತು, ಇದು ಅಷ್ಟೂ ಏರುವುದಿಲ್ಲ. ವಾಪಸು ಒಯ್ದರೆ ‘ಸೀಲ್ ಒಡದೀರಿ’. ಸೀಲ್ ಒಡೆಯದೆ ಹಾಕಿ ನೋಡುವುದು ಹೇಗೋ ಆ ಪುಣ್ಯಾತ್ಮನೇ ಹೇಳಬೇಕು. ಕಡೆಗೆ ಮೇಲಷ್ಟು ದುಡ್ಡು ಇಸಿದುಕೊಂಡು ಡಿಡಿಆರ್3 ಕೊಟ್ಟ. ಕೂತಿತು. ಓಡಲಿಲ್ಲ. ಏಕೆಂದರೆ ಅವಳ 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ರ‍್ಯಾಮನ್ನು ಬಳಸಲಾರದು. ಅದರಲ್ಲೂ ಕೈಗೆ ದಕ್ಕುವುದು 3 ಜಿಬಿ ಚಿಲ್ಲರೆ. ಕೊಂಡ 8ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮಲಗಿತು. ಮೂರನೆಯ ಸಲ ಹೋದಾಗ ಅಂಗಡಿಯವ ನಿಟ್ಟುಸಿರು ಬಿಟ್ಟು, ‘ಇದರ ಆಯುಷ್ಯ ಮುಗೀತ್ರಿ, ಹೊಸಾದು ತಗೋರಿ, ಕಂತಿನ ಮ್ಯಾಲೆ ಕೊಡ್ತೀನಿ’ ಅಂದ.

ಆಯುಷ್ಯ ಮುಗಿದಿರಲಿಲ್ಲ. ಲಿಂಗಸೂಗೂರಿನಲ್ಲಿ ಓದುತ್ತಿದ್ದ ಅವಳ ತಂಗಿಯ ಮಗಳು ರಜೆಗೆ ಬಂದವಳು ಡಬ್ಬಿ ಬಿಚ್ಚಿ, ಧೂಳು ಒರೆಸಿ, ಚೀಟಿ ಓದಿ, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎರಡೂವರೆ ಇಂಚಿನ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ, 64 ಬಿಟ್ ವಿಂಡೋಸ್ 10 ಕೂರಿಸಿದಳು. ಆ ಪ್ರೊಸೆಸರ್ ಮೊದಲಿನಿಂದಲೂ 64 ಬಿಟ್ ಬಲ್ಲದ್ದೇ. ಅಂದರೆ ನಿಜವಾದ ರೋಗ ಹಾರ್ಡ್ ಡಿಸ್ಕಿನಲ್ಲಿತ್ತು ಮತ್ತು ಅದರೊಳಗೆ ತುಂಬಿದ ಹಳೆಯ ವಿಂಡೋಸಿನಲ್ಲಿತ್ತು. ಅಂಗಡಿಯವನು ಐದು ನಿಮಿಷ ಓದಿದ್ದರೆ ತಿಳಿಯುತ್ತಿತ್ತು. ಓದಲಿಲ್ಲ. ಓದದೆ ಮಾರಿದರೆ ಮೂರು ಸಲ ಮಾರಬಹುದಲ್ಲ!

ಓದುವುದು ಕಷ್ಟವೆ? ಕೀಲಿಮಣೆಯ ಮೇಲೆ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ಬರುವ ಸಣ್ಣ ಡಬ್ಬಿಯಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ. ಯಂತ್ರದ ಮಾಡೆಲ್, ಪ್ರೊಸೆಸರ್, ಬೋರ್ಡು, ಇರುವ ರ‍್ಯಾಮ್ ಎಲ್ಲ ಸಾಲಾಗಿ ಬರುತ್ತವೆ. ವಿಂಡೋಸ್ 10 ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ, ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ರ‍್ಯಾಮ್ ಕೂರುವ ಗೂಡು ಎಷ್ಟಿವೆ, ಎಷ್ಟು ತುಂಬಿವೆ ಎಂಬುದು ಅಲ್ಲಿರುತ್ತದೆ. ಫೋಟೋ ಹೊಡೆದುಕೊಂಡು ಹೋಗಿ. ಲ್ಯಾಪ್‌ಟಾಪ್ ಆದರೆ ಇನ್ನೂ ಜೋಪಾನ: ಕೆಲವದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಯಾವ ರ‍್ಯಾಮ್ ಕೊಂಡರೂ ಅಲಮಾರಿಗೇ ಗತಿ. ಎಸ್‌ಎಸ್‌ಡಿಯಲ್ಲೂ ಚೂಯಿಂಗ್ ಗಮ್ಮಿನ ಪಟ್ಟಿಯಂಥ ಎಂ.2 ಜಾತಿಯೊಂದಿದೆ, ಅದರೊಳಗೆ ಮತ್ತೆ ಸಾಟಾ, ಎನ್‌ವಿಎಂಇ ಎಂದು ಎರಡು ಒಳಪಂಗಡ. ನೋಡಲು ಅವಳಿ, ಬಳಕೆಯಲ್ಲಿ ಬೇರೆ.

ಮಸ್ಕಿಯವರಿಗೆ ಓದುವುದರ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ದೇವಾನಾಂಪ್ರಿಯ ಯಾರು ಎಂದು ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಇಲ್ಲಿಯ ಬಂಡೆಗಲ್ಲಿನ ಶಾಸನವನ್ನು ಬೆಳಕಿಗೆ ತಂದ. ಅದರಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು. ಕಲ್ಲನ್ನು ಓದಿದ ಮೇಲೆ ಊಹೆಗೆ ಕೆಲಸ ಉಳಿಯಲಿಲ್ಲ. ಪೆಟ್ಟಿಗೆಯ ಬೆನ್ನಿನ ಚೀಟಿ ಅದಕ್ಕಿಂತ ಸುಲಭದ ಲಿಪಿಯಲ್ಲಿದೆ.

ಈಗ ಇನ್ನೊಂದು ಹೊಸ ಮಾಯೆ ಹುಟ್ಟಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ‘ರ‍್ಯಾಮ್ ಹಾಕಿಸಿದ್ರ ವಿಂಡೋಸ್ 11 ಬರ್ತದ’ ಎಂದು ಯಾರಾದರೂ ಹೇಳಿದರೆ ಅವರ ಮುಖವನ್ನೊಮ್ಮೆ ದಿಟ್ಟಿಸಿ ನೋಡಿ. ರ‍್ಯಾಮ್ 4 ಜಿಬಿ ಇದ್ದರೆ ಅದಕ್ಕೆ ಸಾಕು. ಅದು ಕೇಳುವುದು ಟಿಪಿಎಂ 2.0 ಎಂಬ ಭದ್ರತೆಯ ಸಾಧನ ಮತ್ತು, ಇಂಟೆಲ್ ಆದರೆ, ಬೆರಳೆಣಿಕೆಯ ಅಪವಾದ ಬಿಟ್ಟು, ಎಂಟನೆಯ ಪೀಳಿಗೆಯ ಪ್ರೊಸೆಸರ್. ಐ5-8250 ಎಂದಿದ್ದರೆ ಗೀಟಿನ ಮುಂದಿನ 8 ಎಂಟನೆಯ ಪೀಳಿಗೆ. ಐ3-3220 ಎಂದಿದ್ದರೆ ಮೂರನೆಯದು. ಮೂರನ್ನು ಎಂಟು ಮಾಡುವ ರ‍್ಯಾಮ್ ಇನ್ನೂ ಹುಟ್ಟಿಲ್ಲ. ನನಗೆ ಆ ಕಂಪನಿಯ ಮೇಲೂ ಸಿಟ್ಟಿದೆ. ಚೆನ್ನಾಗಿ ನಡೆಯುವ ಯಂತ್ರವನ್ನು ದಿನಾಂಕವೊಂದನ್ನು ತೋರಿಸಿ ಮುದಿ ಎಂದು ಸಾರುವುದು, ಕರೆಯುವ ಎಮ್ಮೆಯನ್ನು ಹಲ್ಲು ಎಣಿಸಿ ಕಸಾಯಿಗೆ ಹೊಡೆದಂತೆ. ಅಂಥ ಯಂತ್ರಕ್ಕೆ ಪುಕ್ಕಟೆ ಲಿನಕ್ಸ್ ಹಾಕಿಸಿ ಕನ್ನಡ ಟೈಪು ಮಾಡಬಹುದು. ನುಡಿ ಮಾತ್ರ ವಿಂಡೋಸಿಗಾಗಿ ಮಾಡಿದ್ದು, ಅದರಲ್ಲೇ ಬೆರಳು ಕೂತವರಿಗೆ ಈ ದಾರಿ ಸಲೀಸಲ್ಲ. ಭದ್ರತೆ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನಂತೂ ಇಟ್ಟುಕೊಳ್ಳಬೇಡಿ. ಸಾಲದ್ದಕ್ಕೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು. ಎಐ ಕಂಪನಿಗಳ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ. ಅಲ್ಲಿಯ ಹೊಟ್ಟೆಬಾಕತನಕ್ಕೆ ಮಸ್ಕಿಯ ಟೈಪಿಸ್ಟ್ ಬೆಲೆ ತೆರಬೇಕು.

‘ಅಂಗಡಿಯವರೂ ಬದುಕಬೇಕಲ್ಲವೆ?’ ಎನ್ನುವವರಿದ್ದಾರೆ. ಬದುಕಲಿ. ಪೆಟ್ಟಿಗೆ ಬಿಚ್ಚಿ ನೋಡಿದ್ದಕ್ಕೆ ಇನ್ನೂರು ಮುನ್ನೂರು ರೂಪಾಯಿ ಕೇಳಲಿ, ಸಂತೋಷದಿಂದ ಕೊಡೋಣ, ಅದು ದುಡಿಮೆ. ‘ಇದಕ್ಕೇನೂ ಹಾಕಬ್ಯಾಡ್ರಿ, ಧೂಳ ತೆಗೆದ್ರ ಸಾಕು’ ಎಂದು ಕಳಿಸಿದ ಹುಡುಗರನ್ನೂ ನಾನು ಕಂಡಿದ್ದೇನೆ, ಅವರ ಅಂಗಡಿ ನೂರು ವರ್ಷ ನಡೆಯಲಿ. ಆದರೆ ಕೇಳಿದ್ದಕ್ಕೆ ‘ಹೆಣ್ಮಕ್ಕಳಿಗೆ ಇದೆಲ್ಲ ತಿಳಿಯಂಗಿಲ್ಲ, ಯಜಮಾನ್ರನ್ನ ಕಳಸ್ರಿ’ ಎನ್ನುವವನಿಗೆ ಒಂದು ಪೈಸೆ ಕೊಡಬಾರದು. ಯಜಮಾನರಿಗಾದರೂ ಏನು ತಿಳಿದಿರುತ್ತದೆ? ಬಹುಪಾಲು ಮನೆಗಳಲ್ಲಿ ಅವರು ಅದೇ ಅಂಗಡಿಯಲ್ಲಿ ಚಹಾ ಕುಡಿದು, ಅದೇ ರ‍್ಯಾಮ್ ತಂದು, ಹೊಂದದಿದ್ದರೆ ‘ಕಂಪ್ಯೂಟರ್ರೇ ಸರಿಯಿಲ್ಲ’ ಎನ್ನುತ್ತಾರೆ. ಸೋನಾ ಮಸೂರಿಯ ಕಾಳನ್ನು ಅಂಗೈಯಲ್ಲಿ ಉಜ್ಜಿ ಹಳೆಯ ಅಕ್ಕಿಯೋ ಹೊಸ ಅಕ್ಕಿಯೋ ಎಂದು ಹೇಳುವ ಸಿಂಧನೂರಿನ ಹೆಂಗಸಿಗೆ ಡಿಡಿಆರ್ ಮುಂದಿನ ಅಂಕಿ 3 ಎಂದು ಓದುವುದು ತಿಳಿಯುವುದಿಲ್ಲ ಎಂದರೆ ಯಾರು ನಂಬಬೇಕು?

ಇನ್ನು ಬಿಲ್ಲಿನ ಮಾತು. ‘ಬಿಲ್ ಬೇಕಂದ್ರ 18 ಪರ್ಸೆಂಟ್ ಜಾಸ್ತಿ ಆಗ್ತದ ಅಕ್ಕಾರ’ ಎನ್ನುತ್ತಾರೆ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ಹಾಗೆಯೇ. ಆದರೆ ಹೊಂದದ ಮಾಲು ದೋಷದ ಮಾಲಲ್ಲ, ನೀವೇ ತಪ್ಪು ಕೇಳಿದಿರಿ ಎಂದು ಅಂಗಡಿಯವ ವಾದಿಸುತ್ತಾನೆ. ಆದ್ದರಿಂದ ‘ಇಂಥ ಮಾಡೆಲ್ಲಿನ ಕಂಪ್ಯೂಟರಿಗೆ ಹೊಂದುವ ಇಂಥ ರ‍್ಯಾಮ್’ ಎಂದು ಬಿಲ್ಲಿನಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯುವಾಗ ಅವನ ಪೆನ್ನು ತಡವರಿಸಿದರೆ ದುಡ್ಡನ್ನು ಪರ್ಸಿನಿಂದ ತೆಗೆಯಲೇಬೇಡಿ. ಬರೆದುಕೊಟ್ಟು ಮೋಸ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915, ಮಸ್ಕಿಯ ಶಾಸನ ಸಿಕ್ಕ ಇಸವಿಯೇ. ಅದಕ್ಕೂ ಬಗ್ಗದಿದ್ದರೆ ರಾಯಚೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ.